ಪರಾವಲಂಬಿಗಳು, ವಂಶವಾಹಿಗಳು ಮತ್ತು ರಕ್ಷಣೆಗೆ ತೆತ್ತ ಬೆಲೆ

2004ರಲ್ಲಿ ಮಹಾರಾಷ್ಟ್ರದ ವಿದರ್ಭ ಭಾಗದ ರೈತರೊಬ್ಬರಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಕಂಡದ್ದು ಬಾಲವುಳ್ಳ ಟ್ರಿಪನೊಸೋಮ ಎಂಬ ಏಕಕೋಶ ಜೀವಿಗಳು. ಅವುಗಳ ಪ್ರಭೇದ ಟ್ರಿಪನೊಸೋಮ ಇವಾನ್ಸಿ. ದನ, ಎಮ್ಮೆ, ಕುದುರೆ, ಒಂಟೆಗಳಲ್ಲಿ ಸರ್ರಾ ರೋಗವನ್ನು ಉಂಟುಮಾಡುವ ಈ ಪರಾವಲಂಬಿಯನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗುರುತಿಸಿದ್ದರು. ದನವನ್ನು ಕಚ್ಚಿದ ನೊಣ ದನ ಕಾಯುವವರನ್ನೂ ಕಚ್ಚುತ್ತದೆ. ಆದರೂ ಶತಮಾನಕ್ಕೂ ಮಿಕ್ಕ ಕಾಲ ಸರ್ರಾ ಮನುಷ್ಯರ ಕಾಯಿಲೆಗಳ ಪಟ್ಟಿಯಲ್ಲಿ ಸೇರಿರಲಿಲ್ಲ. ಹಾಗಾದರೆ ಈ ಒಬ್ಬರಿಗೆ ಮಾತ್ರ ಏಕೆ ತಗಲಿತು?

ಉತ್ತರ ಅವರ ವಂಶವಾಹಿಯಲ್ಲಿ ಸಿಕ್ಕಿತು. ಮನುಷ್ಯರ ರಕ್ತದಲ್ಲಿ ಒಳ್ಳೆಯ ಕೊಲೆಸ್ಟರಾಲ್ ಎಂದು ನಾವು ಕರೆಯುವ ಎಚ್‌ಡಿಎಲ್ ಕಣಗಳ ಮೇಲೆ ಎಪಿಒಎಲ್-1 ಎಂಬ ಪ್ರೋಟೀನು ಸಾಗುತ್ತಿರುತ್ತದೆ. ಟ್ರಿಪನೊಸೋಮ ಆ ಕಣವನ್ನು ಆಹಾರವೆಂದು ಒಳಗೆಳೆದುಕೊಂಡರೆ ಪ್ರೋಟೀನು ಅದರ ಒಳಪೊರೆಗಳಲ್ಲಿ ರಂಧ್ರ ಕೊರೆಯುತ್ತದೆ, ಜೀವಿ ಉಬ್ಬಿ ಸಾಯುತ್ತದೆ. ಪ್ರತಿಕಾಯಗಳು ರೂಪುಗೊಳ್ಳುವವರೆಗೆ ಕಾಯುವ ಅಗತ್ಯವೇ ಇಲ್ಲದ, ಹುಟ್ಟಿನಿಂದಲೇ ಬರುವ ರಕ್ಷಣೆ ಇದು. ಆ ರೈತರಿಗೆ ತಂದೆಯಿಂದಲೂ ತಾಯಿಯಿಂದಲೂ ಬಂದ ಈ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದವು. ಹಾಗಾಗಿ ಅವರ ರಕ್ತದಲ್ಲಿ ಆ ಪ್ರೋಟೀನು ಇರಲೇ ಇಲ್ಲ. ಪ್ರಯೋಗಾಲಯದಲ್ಲಿ ಅವರ ರಕ್ತದ್ರವಕ್ಕೆ ಎಪಿಒಎಲ್-1 ಬೆರೆಸಿದಾಗ ಪರಾವಲಂಬಿಯನ್ನು ಕೊಲ್ಲುವ ಗುಣ ಮರಳಿತು. ಸುರಾಮಿನ್ ಎಂಬ ಹಳೆಯ ಔಷಧದಿಂದ ಅವರು ಗುಣಮುಖರಾದರು. ಅದೇ ಹಳ್ಳಿಯ ಇತರರ ರಕ್ತವನ್ನು ಪರೀಕ್ಷಿಸಿದಾಗ ಅನೇಕರಿಗೆ ಈ ಪರಾವಲಂಬಿಯ ಸಂಪರ್ಕವಾಗಿದ್ದ ಸುಳಿವು ಸಿಕ್ಕಿತಾದರೂ ಯಾರ ರಕ್ತದಲ್ಲಿಯೂ ಜೀವಂತ ಪರಾವಲಂಬಿ ಕಾಣಲಿಲ್ಲ. ಸೋಂಕಿನ ಅವಕಾಶ ಹಳ್ಳಿಗೆಲ್ಲ ಇತ್ತು, ಕಾಯಿಲೆ ಒಬ್ಬರಿಗೆ ಬಂತು.

ಈ ಪ್ರಕರಣ ಎಷ್ಟು ಸ್ಪಷ್ಟವಾಗಿದೆಯೆಂದರೆ, ಎಲ್ಲವೂ ವಂಶವಾಹಿಯಲ್ಲೇ ಬರೆದಿದೆ ಎಂಬ ತೀರ್ಮಾನಕ್ಕೆ ಜಾರಿಬಿಡುವುದು ಸುಲಭ. ಆದರೆ 2016ರಲ್ಲಿ ವಿಯೆಟ್ನಾಮಿನಿಂದ ವರದಿಯಾದ ಇನ್ನೊಂದು ಪ್ರಕರಣದಲ್ಲಿ ಇದೇ ಪರಾವಲಂಬಿ ತಗಲಿದ ಮಹಿಳೆಯ ಎಪಿಒಎಲ್-1 ವಂಶವಾಹಿಯಲ್ಲಿ ಯಾವ ದೋಷವೂ ಇರಲಿಲ್ಲ. ವಂಶವಾಹಿ ಸೋಂಕಿನ ಸಂಭವವನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು. ಒಬ್ಬ ವ್ಯಕ್ತಿಗೆ ನಾಳೆ ಏನಾಗುತ್ತದೆ ಎಂಬುದನ್ನು ಅದೊಂದೇ ನಿರ್ಧರಿಸುವುದು ಅಪರೂಪ. ಮುಂದೆ ಬರುವ ಎಲ್ಲ ಉದಾಹರಣೆಗಳನ್ನೂ ಈ ಎಚ್ಚರವನ್ನು ಇಟ್ಟುಕೊಂಡೇ ಓದಬೇಕು.

ಅಪರೂಪದ ಟ್ರಿಪನೊಸೋಮವನ್ನು ಬಿಟ್ಟು ನಮ್ಮ ಶಾಲೆಗಳಿಗೆ ಪರಿಚಿತವಾದ ಜಂತುಹುಳುಗಳತ್ತ ಬರೋಣ. ಒಂದು ಊರಿನ ಎಲ್ಲರ ಹೊಟ್ಟೆಯ ಹುಳುಗಳನ್ನು ಎಣಿಸಿದರೆ ಅವು ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಬಹುಪಾಲು ಹುಳುಗಳು ಕೆಲವೇ ಜನರಲ್ಲಿರುತ್ತವೆ, ಉಳಿದವರಲ್ಲಿ ಒಂದೆರಡು ಇರುತ್ತವೆ ಅಥವಾ ಇರುವುದೇ ಇಲ್ಲ. ಇದು ಆಕಸ್ಮಿಕವಿರಬಹುದೇ ಎಂಬ ಪ್ರಶ್ನೆಯನ್ನು 1980ರ ದಶಕದಲ್ಲಿ ದಕ್ಷಿಣ ಭಾರತದ ಮೀನುಗಾರರ ಹಳ್ಳಿಯೊಂದರಲ್ಲಿ ನಡೆದ ಅಧ್ಯಯನ ಎದುರಿಸಿತು. ಅಲ್ಲಿನವರಿಗೆ ಔಷಧ ಕೊಟ್ಟು ಹುಳುಗಳನ್ನು ಹೊರಹಾಕಿಸಿ, ಕೆಲವು ತಿಂಗಳ ನಂತರ ಮತ್ತೆ ಎಣಿಸಿದಾಗ, ಮೊದಲು ಹೆಚ್ಚು ಹುಳುಗಳಿದ್ದವರಲ್ಲಿಯೇ ಮತ್ತೆ ಹೆಚ್ಚು ಹುಳುಗಳು ಕಾಣುವ ಪ್ರವೃತ್ತಿ ಇತ್ತು. ದುಂಡುಹುಳುವಿಗೂ ಕೊಕ್ಕೆಹುಳುವಿಗೂ ಇದು ಅನ್ವಯಿಸಿತು.

ಕೆಲವರು ಮತ್ತೆ ಮತ್ತೆ ಹುಳುಗಳಿಗೆ ಗುರಿಯಾಗುವುದಕ್ಕೆ ಮಣ್ಣಿನಲ್ಲಿ ಆಡುವುದು, ಬರಿಗಾಲಲ್ಲಿ ಓಡಾಡುವುದು, ಮನೆಯಲ್ಲಿ ಶೌಚಾಲಯವಿಲ್ಲದಿರುವುದು ಕಾರಣವಾಗಿರಬಹುದು, ರಕ್ತಸಂಬಂಧವೂ ಇರಬಹುದು. ಇವೆರಡನ್ನೂ ಬೇರ್ಪಡಿಸಿ ನೋಡಲು ವಿಸ್ತಾರವಾದ ವಂಶಾವಳಿ ಗೊತ್ತಿರುವ ಸಮುದಾಯ ಬೇಕಾಗುತ್ತದೆ. ಪೂರ್ವ ನೇಪಾಳದ ಜಿರಿ ಪ್ರದೇಶದ ಜಿರೇಲ್ ಜನರಲ್ಲಿ ಸಾರಾ ವಿಲಿಯಮ್ಸ್-ಬ್ಲಾಂಜೆರೊ ಮತ್ತು ಸಂಗಡಿಗರು ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ಅಲ್ಲಿ ಬೇರೆ ಬೇರೆ ಮನೆಗಳಲ್ಲಿ ವಾಸಿಸುವ ಬಂಧುಗಳನ್ನೂ ಒಂದೇ ಮನೆಯಲ್ಲಿ ವಾಸಿಸುವ ದೂರದ ಸಂಬಂಧಿಕರನ್ನೂ ಹೋಲಿಸಿ ನೋಡಿದಾಗ, ದುಂಡುಹುಳುವಿನ ಹೊರೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ. 30ರಿಂದ 50ರಷ್ಟು ಪಾಲಿಗೆ ಆನುವಂಶಿಕ ಕಾರಣಗಳಿವೆ ಎಂಬುದು ಕಂಡುಬಂತು. 2002ರಲ್ಲಿ ಅದೇ ತಂಡ 1 ಮತ್ತು 13ನೆಯ ವರ್ಣತಂತುಗಳ ಮೇಲೆ ಇದಕ್ಕೆ ಸಂಬಂಧಿಸಿದ ಭಾಗಗಳನ್ನು ಗುರುತಿಸಿತು.

ಶೇ. 30ರಿಂದ 50 ಎಂಬ ಅಂಕಿಯನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವವರು ಬಹಳ. ಒಬ್ಬ ಮಗುವಿನ ಹೊಟ್ಟೆಯಲ್ಲಿರುವ ಹುಳುಗಳಲ್ಲಿ ಅರ್ಧಕ್ಕೆ ಅಪ್ಪ-ಅಮ್ಮ ಕಾರಣ ಎಂದು ಅದು ಹೇಳುವುದಿಲ್ಲ. ಒಂದೇ ರೀತಿಯ ನೆಲ, ನೀರು, ಬಡತನ ಇರುವ ಆ ಒಂದು ಜನಸಮುದಾಯದೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರವನ್ನಷ್ಟೇ ಅದು ಅಳೆಯುತ್ತದೆ. ಅದೇ ಊರಿಗೆ ಶೌಚಾಲಯ, ಶುದ್ಧ ನೀರು, ಕಾಲಕಾಲಕ್ಕೆ ಅಲ್ಬೆಂಡಜೋಲ್ ಮಾತ್ರೆ ಬಂದರೆ ಎಲ್ಲರ ಹೊರೆಯೂ ಇಳಿಯುತ್ತದೆ, ಯಾರ ವಂಶವಾಹಿ ಹೇಗಿದ್ದರೂ. ಹಾಗೆಂದು ಈ ಸಂಶೋಧನೆ ವ್ಯರ್ಥವೆಂದಲ್ಲ. ಮಾತ್ರೆ ಕೊಟ್ಟ ಮೇಲೂ ಮತ್ತೆ ಮತ್ತೆ ಹುಳುಗಳಿಂದ ಬಳಲುವ ಮಗುವನ್ನು ಕೊಳಕು ಮಗು ಎಂದು ಗದರಿಸುವ ಶಿಕ್ಷಕರಿಗೂ ತಾಯಂದಿರಿಗೂ ಇದರಲ್ಲಿ ತಿಳಿಯಬೇಕಾದದ್ದಿದೆ: ಇಬ್ಬರು ಮಕ್ಕಳು ಸಮಾನವಾಗಿ ಕೈತೊಳೆದರೂ ಅವರ ದೇಹಗಳು ಹುಳುವನ್ನು ಎದುರಿಸುವ ಬಗೆ ಸಮಾನವಾಗಿರಬೇಕಿಲ್ಲ.

ಎದುರಿಸುವ ಬಗೆ ಎಂದರೇನು? ಬ್ಯಾಕ್ಟೀರಿಯಾ, ವೈರಸ್‌ಗಳನ್ನು ನಮ್ಮ ರಕ್ಷಣಾಕೋಶಗಳು ನುಂಗಬಲ್ಲವು; ಗೇಣುದ್ದದ ಹುಳುವನ್ನು ನುಂಗುವುದು ಯಾವ ಕೋಶಕ್ಕೂ ಸಾಧ್ಯವಿಲ್ಲ. ಆದ್ದರಿಂದ ದೇಹ ಬೇರೆ ತಂತ್ರ ಹೂಡುತ್ತದೆ. ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಎಂಬ ಸಂದೇಶವಾಹಕಗಳು ಐಜಿಇ ಪ್ರತಿಕಾಯಗಳನ್ನೂ ಇಯೊಸಿನೋಫಿಲ್ ಎಂಬ ಬಿಳಿರಕ್ತಕಣಗಳನ್ನೂ ಹುರಿದುಂಬಿಸುತ್ತವೆ. ಕರುಳಿನ ಒಳಪದರ ಲೋಳೆಯನ್ನು ಹೆಚ್ಚಾಗಿ ಸುರಿಸುತ್ತದೆ, ಕರುಳಿನ ಚಲನೆ ಚುರುಕಾಗುತ್ತದೆ, ಹುಳು ಹೊರದೂಡಲ್ಪಡುತ್ತದೆ. ಈ ಸಂದೇಶವಾಹಕಗಳ ವಂಶವಾಹಿಗಳು ಐದನೆಯ ವರ್ಣತಂತುವಿನ ಒಂದು ಭಾಗದಲ್ಲಿ ಒತ್ತೊತ್ತಾಗಿ ಕುಳಿತಿವೆ. 1996ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನವೊಂದು, ಸಿಹಿನೀರಿನ ಬಸವನಹುಳುಗಳ ಮೂಲಕ ಹರಡುವ ಷಿಸ್ಟೊಸೋಮ ಎಂಬ ರಕ್ತಹುಳುವಿನ ಸೋಂಕಿನ ತೀವ್ರತೆಗೆ ಇದೇ ಭಾಗ ಸಂಬಂಧಿಸಿದೆ ಎಂದು ತೋರಿಸಿತು. ಆಸ್ತಮಾ, ಅಲರ್ಜಿಗಳ ಸಂಶೋಧಕರು ಕೂಡ ತಮ್ಮ ರೋಗಗಳ ಬೇರನ್ನು ಹುಡುಕುತ್ತ ಅದೇ ಭಾಗಕ್ಕೆ ಬಂದು ತಲುಪಿದ್ದರು. ಹುಳುಗಳನ್ನು ಹೊರದಬ್ಬಲು ರೂಪುಗೊಂಡ ಸಿಟ್ಟು, ಹುಳುಗಳಿಲ್ಲದ ನಗರದ ಮನೆಗಳಲ್ಲಿ ದೂಳು ಮತ್ತು ಪರಾಗದ ಮೇಲೆ ತಿರುಗುತ್ತಿದೆಯೇ ಎಂಬ ಊಹೆ ಇಲ್ಲಿಂದ ಹುಟ್ಟಿದ್ದು. ಅದು ಇನ್ನೂ ಊಹೆಯೇ.

ಮಲೇರಿಯಾದ ವಿಷಯದಲ್ಲಿ ಊಹೆಯ ಹಂತ ದಾಟಿ ಬಹಳ ಕಾಲವಾಗಿದೆ. ಥಲಸೇಮಿಯಾದಂಥ ರಕ್ತದೋಷಗಳು ಮೆಡಿಟರೇನಿಯನ್ ಸುತ್ತಲಿನ ಜನರಲ್ಲಿ ಅಷ್ಟೊಂದು ಹಬ್ಬಿರುವುದಕ್ಕೆ ಅವು ಮಲೇರಿಯಾದಿಂದ ಕಾಪಾಡುತ್ತಿರುವುದೇ ಕಾರಣವಿರಬಹುದೆಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಸೂಚಿಸಿದರು. ಮುಂದೆ ಅವರು ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಕುಡಗೋಲು ಕಣದ (ಸಿಕಲ್ ಸೆಲ್) ವಂಶವಾಹಿಯ ಒಂದು ಪ್ರತಿ ಹೊಂದಿರುವವರಿಗೆ, ಅಂದರೆ ವಾಹಕರಿಗೆ, ಮಲೇರಿಯಾದಿಂದ ರಕ್ಷಣೆ ಇದೆ ಎಂದು ತೋರಿಸಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದೇ ಈ ವಂಶವಾಹಿಯ ವಿಶೇಷ. ಫಾಲ್ಸಿಪ್ಯಾರಮ್ ಮಲೇರಿಯಾದ ಮಾರಣಾಂತಿಕ ರೂಪದಿಂದ ಇದು ಸುಮಾರು ಶೇ. 90ರಷ್ಟು ರಕ್ಷಣೆ ನೀಡುತ್ತದೆಂದು ನಂತರದ ಆಫ್ರಿಕದ ಅಧ್ಯಯನಗಳು ಖಚಿತಪಡಿಸಿವೆ.

ಈ ರಕ್ಷಣೆ ರಕ್ತಕಣದ ರಚನೆಯಿಂದ ಬಂದದ್ದು, ರೋಗನಿರೋಧಕ ಶಕ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಹುಕಾಲ ಭಾವಿಸಲಾಗಿತ್ತು. ಒಂದು ಮಟ್ಟಿಗೆ ಅದು ನಿಜ: ಆಮ್ಲಜನಕ ಕಡಿಮೆಯಿರುವ ರಕ್ತನಾಳಗಳಲ್ಲಿ ವಾಹಕರ ರಕ್ತಕಣದೊಳಗೆ ಪರಾವಲಂಬಿಯ ಬೆಳವಣಿಗೆ ಕುಂಠಿತವಾಗುತ್ತದೆ, ಸೋಂಕಿತ ಕಣವು ಮಿದುಳಿನ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳಲು ಬೇಕಾದ ಪ್ರೋಟೀನು ಅದರ ಹೊರಮೈ ಮೇಲೆ ಸರಿಯಾಗಿ ಮೂಡುವುದಿಲ್ಲ. ಆದರೆ ಕೆನ್ಯಾದ ಕಿಲಿಫಿಯಲ್ಲಿ ಮಕ್ಕಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಹೊಸ ಸಂಗತಿಯನ್ನು ಹೊರಗೆಡಹಿತು. ಸಾಧಾರಣ ಮಲೇರಿಯಾದ ವಿರುದ್ಧ ವಾಹಕ ಮಕ್ಕಳಿಗಿದ್ದ ರಕ್ಷಣೆ ಮೊದಲ ಎರಡು ವರ್ಷಗಳಲ್ಲಿ ಶೇ. 20ರಷ್ಟೇ ಇದ್ದು, ಹತ್ತನೆಯ ವಯಸ್ಸಿನ ವೇಳೆಗೆ ಶೇ. 56ಕ್ಕೆ ಏರಿತ್ತು. ಹಿಮೋಗ್ಲೋಬಿನ್ನಿನ ಆಕಾರ ವಯಸ್ಸಿನೊಂದಿಗೆ ಹೀಗೆ ಬದಲಾಗುತ್ತ ಹೋಗುವುದಿಲ್ಲ. ಸೋಂಕಿತ ಕಣಗಳು ಬೇಗ ಹಾಳಾಗಿ ರಕ್ತ ಸೋಸುವ ಗುಲ್ಮದ ಕೈಗೆ ಸಿಗುವುದರಿಂದ ದೇಹ ಪರಾವಲಂಬಿಯ ಪರಿಚಯವನ್ನು ಬೇಗನೆ, ಕಡಿಮೆ ಅಪಾಯದಲ್ಲಿ ಮಾಡಿಕೊಳ್ಳುತ್ತದೆ; ಹುಟ್ಟಿನಿಂದ ಬಂದ ಗುಣ, ಬೆಳೆಯುತ್ತ ಕಲಿಯುವ ಪ್ರತಿರಕ್ಷೆಗೆ ನೆರವಾಗುತ್ತದೆ ಎಂಬ ವಿವರಣೆಯೇ ಇಲ್ಲಿ ಹೆಚ್ಚು ಒಪ್ಪುವಂಥದ್ದು.

ಕಲಿಯುವ ಪ್ರತಿರಕ್ಷೆಯಲ್ಲಿಯೂ ವಂಶದ ಪಾತ್ರವಿದೆ. ನಮ್ಮ ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ವಂಶವಾಹಿಗಳು ಒಂದು ಬಗೆಯ ತಟ್ಟೆಗಳನ್ನು ಮಾಡುತ್ತವೆ ಎನ್ನೋಣ. ಕೋಶಗಳು ಶತ್ರುವಿನ ಪ್ರೋಟೀನಿನ ತುಣುಕುಗಳನ್ನು ಈ ತಟ್ಟೆಯಲ್ಲಿಟ್ಟು ಟಿ-ಕೋಶಗಳೆಂಬ ರಕ್ಷಣಾಕೋಶಗಳಿಗೆ ತೋರಿಸುತ್ತವೆ. ತಟ್ಟೆಯ ಆಕಾರಕ್ಕೆ ಹೊಂದದ ತುಣುಕು ಟಿ-ಕೋಶದ ಕಣ್ಣಿಗೆ ಬೀಳುವುದೇ ಇಲ್ಲ. ಮೂತ್ರಪಿಂಡದ ಕಸಿಗೆ ದಾನಿಯನ್ನು ಹುಡುಕುವ ಕುಟುಂಬಗಳಿಗೆ ಎಚ್‌ಎಲ್‌ಎ ಹೊಂದಾಣಿಕೆ ಎಂಬ ಮಾತು ಪರಿಚಿತ. ಅಲ್ಲಿ ತೊಡಕಾಗಿ ಕಾಣುವ ಈ ವೈವಿಧ್ಯವೇ ಸೋಂಕುಗಳ ಎದುರಿನಲ್ಲಿ ಮನುಷ್ಯಕುಲದ ಆಸ್ತಿ. 1991ರಲ್ಲಿ ಏಡ್ರಿಯನ್ ಹಿಲ್ ಮತ್ತು ಸಂಗಡಿಗರು ಗ್ಯಾಂಬಿಯಾದ ಮಕ್ಕಳಲ್ಲಿ, ಪಶ್ಚಿಮ ಆಫ್ರಿಕದಲ್ಲಿ ಸಾಮಾನ್ಯವಾಗಿರುವ ಎಚ್‌ಎಲ್‌ಎ-ಬಿ53 ಎಂಬ ಬಗೆ ತೀವ್ರ ಮಲೇರಿಯಾದಿಂದ ರಕ್ಷಿಸುತ್ತದೆಂದು ತೋರಿಸಿದರು. ಮುಂದಿನ ವರ್ಷ ಅವರು ಆ ತಟ್ಟೆಯಲ್ಲಿ ಕೂರುವ, ಯಕೃತ್ತಿನ ಹಂತದ ಮಲೇರಿಯಾ ಪರಾವಲಂಬಿಯ ತುಣುಕನ್ನೂ ಗುರುತಿಸಿದರು. ಹಿಲ್ ಅವರ ಮುಂದಾಳತ್ವದಲ್ಲಿಯೇ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಆರ್21 ಮಲೇರಿಯಾ ಲಸಿಕೆಯನ್ನು ಇಂದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2023ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು.

ಭಾರತದ ಮಟ್ಟಿಗೆ ಇದೇ ಎಚ್‌ಎಲ್‌ಎ ಭಾಗ ಮುಖ್ಯವಾದದ್ದು ಕಾಲಾ ಅಜಾರ್ ವಿಷಯದಲ್ಲಿ. ಮರಳುನೊಣದಿಂದ ಹರಡಿ, ಗುಲ್ಮ ಮತ್ತು ಯಕೃತ್ತನ್ನು ಊದಿಸುವ ಈ ರೋಗ ಬಿಹಾರ ಮತ್ತು ಸುತ್ತಲಿನ ಸೀಮೆಯ ಅತಿ ಬಡವರನ್ನು ತಲೆಮಾರುಗಳ ಕಾಲ ಕಾಡಿದೆ. ಅದರ ಪರಾವಲಂಬಿಯನ್ನು ಮದರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ ಅವರು 1903ರಲ್ಲಿ ಗುರುತಿಸಿದ್ದರಿಂದಲೇ ಅದಕ್ಕೆ ಲೀಷ್ಮೇನಿಯಾ ಡೊನೊವಾನಿ ಎಂಬ ಹೆಸರು ಬಂತು. ಪರಾವಲಂಬಿ ದೇಹ ಹೊಕ್ಕವರಲ್ಲಿ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಬಂದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ಪ್ರಾಣ ಉಳಿಯುವುದಿಲ್ಲ. 2013ರಲ್ಲಿ ಬಿಹಾರದ ಮತ್ತು ಬ್ರೆಜಿಲ್‌ನ ರೋಗಿಗಳ ವಂಶವಾಹಿಗಳನ್ನು ಒಟ್ಟಿಗೆ ನೋಡಿದ ದೊಡ್ಡ ಅಧ್ಯಯನವೊಂದು ಎರಡೂ ಕಡೆಯಲ್ಲಿ ಎಚ್‌ಎಲ್‌ಎ-ಡಿಆರ್‌ಬಿ1 ಸುತ್ತಲಿನ ಒಂದೇ ಭಾಗದತ್ತ ಬೆರಳು ಮಾಡಿತು. ಎರಡು ಖಂಡಗಳು, ಪರಾವಲಂಬಿಯ ಎರಡು ಬೇರೆ ಪ್ರಭೇದಗಳು, ಪರಸ್ಪರ ಸಂಬಂಧವೇ ಇಲ್ಲದ ಜನರು. ಆದರೂ ಸಿಕ್ಕ ಗುರುತು ಒಂದೇ. ಇಂಥ ಸಂಶೋಧನೆಗಳಲ್ಲಿ ಒಂದು ದೇಶದಲ್ಲಿ ಸಿಕ್ಕದ್ದು ಇನ್ನೊಂದರಲ್ಲಿ ಮಾಯವಾಗುವುದೇ ಹೆಚ್ಚು, ಆದ್ದರಿಂದ ಈ ಫಲಿತಾಂಶಕ್ಕೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

ಪರಾವಲಂಬಿಗಳೂ ಸುಮ್ಮನೆ ಕುಳಿತಿಲ್ಲ. ಗ್ಯಾಂಬಿಯಾ ಮತ್ತು ಕೆನ್ಯಾದಲ್ಲಿ ತೀವ್ರ ಮಲೇರಿಯಾಕ್ಕೆ ತುತ್ತಾದ ಮಕ್ಕಳ ವಂಶವಾಹಿಯನ್ನೂ ಅವರಲ್ಲಿದ್ದ ಪರಾವಲಂಬಿಯ ವಂಶವಾಹಿಯನ್ನೂ ಜೊತೆಜೊತೆಗೆ ಓದಿದಾಗ, ಕುಡಗೋಲು ವಾಹಕರಾಗಿದ್ದೂ ಕಾಯಿಲೆ ಬಿದ್ದ ಮಕ್ಕಳಲ್ಲಿ ಕೆಲವು ವಿಶೇಷ ಮಾರ್ಪಾಡುಗಳುಳ್ಳ ಪರಾವಲಂಬಿಗಳೇ ಇದ್ದವೆಂದು 2022ರಲ್ಲಿ ವರದಿಯಾಯಿತು. ಅಂದರೆ ಸಾವಿರಾರು ವರ್ಷಗಳಲ್ಲಿ ಮನುಷ್ಯ ಕಟ್ಟಿಕೊಂಡ ಕೋಟೆಗೆ ಪರಾವಲಂಬಿ ಅಲ್ಲಲ್ಲಿ ಕಿಂಡಿ ಕೊರೆದಿದೆ. ಮಲೇರಿಯಾ ತಾಗದ ಗಟ್ಟಿ ರಕ್ತ ತಮ್ಮದೆಂದು ಯಾವ ಸಮುದಾಯವೂ ನಂಬಿ ಕೂರುವಂತಿಲ್ಲ.

ಇನ್ನು ಬೆಲೆಯ ವಿಷಯ. ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದೇ ಅದು. ಕುಡಗೋಲು ವಂಶವಾಹಿಯ ಒಂದು ಪ್ರತಿ ಇದ್ದವರು ವಾಹಕರು. ಬಹುಪಾಲು ಆರೋಗ್ಯವಾಗಿಯೇ ಬಾಳುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವದಂತೆ ಮಗುವಿಗೆ ಎರಡೂ ಪ್ರತಿಗಳು ಸೇರಿ ರೋಗ ಬರುತ್ತದೆ: ಮೂಳೆಗಳನ್ನು ಹಿಂಡುವ ನೋವು, ರಕ್ತಹೀನತೆ, ಶ್ವಾಸಕೋಶಕ್ಕೂ ಮಿದುಳಿಗೂ ಆಘಾತ. ಪ್ರತಿರಕ್ಷೆಯ ದೃಷ್ಟಿಯಿಂದ ಇಲ್ಲಿ ಮನಸ್ಸನ್ನು ಕಲಕುವ ಒಂದು ಸಂಗತಿಯಿದೆ. ವಾಹಕರಲ್ಲಿ ಮಲೇರಿಯಾ ಹೊತ್ತ ಕಣಗಳನ್ನು ಸೋಸಿ ಕಾಪಾಡುವ ಗುಲ್ಮವೇ ರೋಗವಿರುವ ಮಕ್ಕಳಲ್ಲಿ ಕುಡಗೋಲು ಕಣಗಳು ಸಿಕ್ಕಿಕೊಂಡು ಹಾಳಾಗುತ್ತದೆ. ಗುಲ್ಮವಿಲ್ಲದ ಮಗುವಿಗೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಪ್ರಾಣಾಪಾಯ ತರುತ್ತವೆ, ಮಲೇರಿಯಾ ಕೂಡ ಅಷ್ಟೇ ಅಪಾಯಕಾರಿ. ಆದ್ದರಿಂದಲೇ ಇಂಥ ಮಕ್ಕಳಿಗೆ ಪೆನಿಸಿಲಿನ್, ಲಸಿಕೆ, ಹೈಡ್ರಾಕ್ಸಿಯೂರಿಯಾ ಇವೆಲ್ಲ ತಪ್ಪದೆ ಸಿಗಬೇಕು.

ಭಾರತದಲ್ಲಿ ಈ ವಂಶವಾಹಿಯನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಜೇನುಕುರುಬ, ಸೋಲಿಗ ಮೊದಲಾದ ಸಮುದಾಯಗಳಲ್ಲಿಯೂ ಅದಿದೆ. ಕಾಡಿನ ಮಲೇರಿಯಾದ ನಡುವೆ ಬದುಕಿ ಉಳಿಯಲು ಅವರ ಪೂರ್ವಿಕರಿಗೆ ನೆರವಾದ ಗುಣದ ಸಾಲವನ್ನು ಇಂದಿನ ಮಕ್ಕಳು ತೀರಿಸುತ್ತಿದ್ದಾರೆ, ಅದೂ ಆಸ್ಪತ್ರೆ ದೂರವಿರುವ ಹಾಡಿಗಳಲ್ಲಿ, ಪೋಡುಗಳಲ್ಲಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವ, 2047ರ ವೇಳೆಗೆ ರೋಗವನ್ನು ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ತಪಾಸಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಹಕ ಎಂಬ ಪದವನ್ನು ರೋಗಿ ಎಂಬ ಅರ್ಥದಲ್ಲಿ ಕೇಳಿಸಿಕೊಂಡ ಹುಡುಗಿಯ ಮದುವೆ ಮುರಿದುಬೀಳಬಾರದು. ಕೈಗೆ ಕಾರ್ಡು ಕೊಡುವ ಮೊದಲು ಅವರದೇ ಮಾತಿನಲ್ಲಿ ಕುಳಿತು ವಿವರಿಸುವವರು ಬೇಕು. ರಕ್ತ ತೆಗೆಯಲು ತೋರುವ ಉತ್ಸಾಹ ನೋವು ಬಂದ ರಾತ್ರಿ ಔಷಧ ತಲುಪಿಸುವುದರಲ್ಲಿಯೂ ಇರಬೇಕು.

ಬೆಲೆ ತೆರುತ್ತಿರುವವರು ಇವರೊಬ್ಬರೇ ಅಲ್ಲ. ಮೊದಲು ಹೇಳಿದ ಎಪಿಒಎಲ್-1 ವಂಶವಾಹಿಯ ಎರಡು ಮಾರ್ಪಾಡುಗಳು ಆಫ್ರಿಕದ ನಿದ್ರಾರೋಗದ ಟ್ರಿಪನೊಸೋಮಗಳಿಂದ ಬೇರೆ ಬೇರೆ ಮಟ್ಟದ ರಕ್ಷಣೆ ನೀಡುತ್ತವೆ. ಅದೇ ಮಾರ್ಪಾಡುಗಳ ಎರಡು ಪ್ರತಿಗಳು ಸೇರಿದರೆ ಮೂತ್ರಪಿಂಡ ಕೆಡುವ ಸಂಭವ ಬಹಳ ಹೆಚ್ಚುತ್ತದೆಂದು 2010ರಲ್ಲಿ ತಿಳಿದುಬಂತು. ಅಮೆರಿಕದ ಕರಿಯ ಜನರಲ್ಲಿ ಸುಮಾರು ಶೇ. 13ರಷ್ಟು ಮಂದಿ ಇಂಥ ಎರಡು ಪ್ರತಿಗಳನ್ನು ಹೊತ್ತಿದ್ದಾರೆ. ನಿದ್ರಾರೋಗದ ನೊಣವೇ ಇಲ್ಲದ ನಾಡಿನಲ್ಲಿ ಅವರು ಡಯಾಲಿಸಿಸ್ ಯಂತ್ರದ ಮುಂದೆ ಕೂರುತ್ತಿರುವುದಕ್ಕೆ ಇದೂ ಒಂದು ಕಾರಣ.

ಇಂಥ ಸಂಬಂಧಗಳನ್ನು ನಮ್ಮ ಜನರಲ್ಲಿ ಹುಡುಕಲು ನಮ್ಮದೇ ಮಾಹಿತಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಪೂರ್ಣ ಜೀನೋಮ್ ಓದಿದ್ದು, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿತು. ಯಾವ ಮಾರ್ಪಾಡು ಯಾವ ಸಮುದಾಯದಲ್ಲಿ ಎಷ್ಟಿದೆ ಎಂಬುದಕ್ಕೆ ಇದು ಒಳ್ಳೆಯ ತಳಹದಿ. ಆ ಮಾರ್ಪಾಡು ಸೋಂಕಿನ ಎದುರು ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಕಾಯಿಲೆ ಬಿದ್ದವರ, ಬೀಳದವರ, ಅವರ ಕುಟುಂಬಗಳ ದೀರ್ಘ ಅಧ್ಯಯನವೇ ಆಗಬೇಕು.

ಅದಕ್ಕೆ ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ವೈವಾಕ್ಸ್ ಮಲೇರಿಯಾ ವಾಸಿಯಾದಂತೆ ಕಂಡರೂ ಅದರ ಪರಾವಲಂಬಿ ಯಕೃತ್ತಿನಲ್ಲಿ ಅವಿತು ಮಲಗಿ ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಬಹುಕಾಲ ಮಲೇರಿಯಾದ ಊರೆಂದೇ ಹೆಸರಾಗಿದ್ದ ಮಂಗಳೂರಿನವರಿಗೆ ಇದು ಚೆನ್ನಾಗಿ ಗೊತ್ತು. ಮಲಗಿದ್ದನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಈ ಮಾತ್ರೆ ನುಂಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. 1956ರಲ್ಲೇ ತಿಳಿದ ಸಂಗತಿ ಇದು. ಈ ಕೊರತೆ ಕೂಡ ಮಲೇರಿಯಾದ ಒತ್ತಡದಲ್ಲಿಯೇ ಹಬ್ಬಿದ್ದು, ಆದ್ದರಿಂದ ಮಾತ್ರೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದನ್ನು ತಾಳಲಾರದವರೂ ಹೆಚ್ಚು. ಎಕ್ಸ್ ವರ್ಣತಂತುವಿನ ಮೇಲಿರುವ ಕಾರಣ ಗಂಡಸರಲ್ಲಿ ಒಂದೇ ಪ್ರತಿ ಕೆಟ್ಟಿದ್ದರೂ ತೊಂದರೆ ಕಾಣಿಸಿಕೊಳ್ಳುತ್ತದೆ. ಕಟ್ಟಡ ಕೆಲಸಕ್ಕೆಂದು ಒಡಿಶಾದಿಂದಲೋ ಜಾರ್ಖಂಡಿನಿಂದಲೋ ಬಂದ ಯುವಕನಿಗೆ ಪ್ರೈಮಾಕ್ವಿನ್ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆಯಾಗಬೇಕು. ಪರೀಕ್ಷೆಯ ಸೌಲಭ್ಯವಿಲ್ಲದ ಕಡೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರಬೇಕೆಂದು ಮಾತ್ರೆಯ ಪೊಟ್ಟಣ ಕೊಡುವಾಗಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು.